ಏಪ್ರಿಲ್‌ನಲ್ಲಿ ಕೊಂಡದ್ದು ಆರಿದ್ರಾ ಮಳೆಗೂ ಉಳಿಯಲಿ

ಈ ಸಲದ ಓದುಗರ ಪತ್ರಗಳಲ್ಲಿ ಸೀರೆ ಇದೆ, ಮಡಕೆ ಇದೆ, ಕೆಂಪು ನೆಲ ಇದೆ, ಕೆಟ್ಟುಹೋದ ಷರಬತ್ತೂ ಇದೆ. ಬಿಸಿಲುಕಾಲದ ಆಸೆಗಳೇ ಎಲ್ಲವೂ. ಆದರೆ ನಮ್ಮ ಮಲೆನಾಡು ಸೀಮೆಯಲ್ಲಿ ಬಿಸಿಲು ಮೂರು ತಿಂಗಳಿನ ನೆಂಟ, ತೇವ ಮನೆಯ ಯಜಮಾನ. ಚೈತ್ರದಲ್ಲಿ ಚಂದ ಕಂಡದ್ದೆಲ್ಲ ಆರಿದ್ರಾ, ಪುನರ್ವಸು ಮಳೆ ದಾಟುವಷ್ಟರಲ್ಲಿ ಬೂಷ್ಟು ಹಿಡಿದು ಕೂತಿರುತ್ತದೆ. ಹಾಗಾಗಿ ಜುಲೈ ತಿಂಗಳಿಗೆ ಇದರ ಗತಿ ಏನು ಎಂದು ಯೋಚಿಸಿಯೇ ಉತ್ತರ ಬರೆದಿದ್ದೇವೆ.

ಹೆಗ್ಗೋಡಿನ ಕಡೆ ಹೋದಾಗ ನೈಸರ್ಗಿಕ ಬಣ್ಣದ ಕೈಮಗ್ಗದ ಸೀರೆ ಎರಡು ತಂದೆ. ಒಂದು ಅಡಿಕೆ ಚೊಗರಿನ ಕಂದು, ಇನ್ನೊಂದು ನೀಲಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ನಮ್ಮತ್ತೆ ಹೇಳಿದರು, ನೆನೆಸಿದೆ. ನೀಲಿ ಇನ್ನೂ ಬಿಡುತ್ತಲೇ ಇದೆ. ಕಂದು ಸೀರೆಯ ಮೇಲೆ ಸಾಸಿವೆ ಕಾಳಿನಷ್ಟು ದಪ್ಪದ ಕಪ್ಪು ಚುಕ್ಕೆಗಳು ಬಿದ್ದಿವೆ. ಮೋಸ ಹೋದೆನಾ? — ಹೊಸನಗರದ ಓದುಗರು

ಮೋಸವೇನೂ ಆಗಿಲ್ಲ. ಎರಡು ಸೀರೆಯದೂ ಬೇರೆ ಬೇರೆ ಕತೆ.

ಮೊದಲು ಉಪ್ಪಿನ ವಿಷಯ. ರಾಸಾಯನಿಕ ಬಣ್ಣದ ಹಂಡೆಯಲ್ಲಿ ನೂಲು ಅದ್ದುವಾಗ ಉಪ್ಪಿಗೆ ಕೆಲಸವಿದೆ. ನೀರಿನಲ್ಲಿರುವ ಬಣ್ಣವನ್ನು ಅದು ನೂಲಿನ ಕಡೆಗೆ ದೂಡುತ್ತದೆ. ಬಣ್ಣ ಹಾಕಿ, ನೇಯ್ದು, ಅಂಗಡಿಗೆ ಬಂದ ಸೀರೆಗೆ ಮನೆಯಲ್ಲಿ ಉಪ್ಪು ಹಾಕಿದರೆ ಏನೂ ಆಗುವುದಿಲ್ಲ. ಅತ್ತೆಯವರ ಮಾತು ಎಲ್ಲ ಮನೆಗಳಲ್ಲೂ ಇರುವ ಮಾತು, ಅವರೊಡನೆ ಜಗಳ ಬೇಡ, ಉಪ್ಪು ಖರ್ಚಾಯಿತು ಅಷ್ಟೆ. ನೀಲಿ ಬಣ್ಣ ನೂಲಿನ ಒಳಗೆ ಕರಗಿ ಸೇರುವುದಕ್ಕಿಂತ ಪದರ ಪದರವಾಗಿ ಮೇಲೆ ಕೂರುವುದೇ ಹೆಚ್ಚು. ಸಡಿಲವಾಗಿ ಕೂತ ಪುಡಿ ಮೊದಲ ಮೂರು ನಾಲ್ಕು ಒಗೆತದಲ್ಲಿ ಬಿಟ್ಟುಹೋಗುತ್ತದೆ. ತಣ್ಣೀರಲ್ಲಿ ಒಂದೇ ಒಂದನ್ನು, ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಸದೆ ಒಗೆಯಿರಿ. ನೀರು ತಿಳಿಯಾಗುವವರೆಗೆ ಬಿಳಿ ರವಿಕೆಯ ಜೊತೆ ಉಡಬೇಡಿ.

ಕಪ್ಪು ಚುಕ್ಕೆಗೆ ಕಾರಣ ಕಬ್ಬಿಣ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಟ್ಯಾನಿನ್ ತುಂಬಿರುತ್ತದೆ, ನಾಲಿಗೆಗೆ ಒಗರು ಹತ್ತುವುದೂ ಅದರಿಂದಲೇ. ಟ್ಯಾನಿನ್‌ಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಉಪ್ಪು, ಫೆರಸ್ ಸಲ್ಫೇಟ್) ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದುದು ಇದೇ ಲೆಕ್ಕದಲ್ಲಿ. ನಿಮ್ಮ ಮನೆಯಲ್ಲಿ ಕಬ್ಬಿಣ ಎಲ್ಲಿಂದ ಬಂತು ಎಂದು ಹುಡುಕಿ. ತುಕ್ಕು ಹಿಡಿದ ತಂತಿಯ ಮೇಲೆ ಒಣಹಾಕಿದ್ದಿರಬಹುದು, ಬಟ್ಟೆ ಕ್ಲಿಪ್ಪಿನ ಸ್ಪ್ರಿಂಗ್ ಇರಬಹುದು, ಸೆರಗಿಗೆ ಚುಚ್ಚಿದ ಪಿನ್ನಿರಬಹುದು. ಚುಕ್ಕೆ ಸೀರೆಯ ತುಂಬಾ ಚದುರಿದ್ದರೆ ಅನುಮಾನ ಕೊಳವೆ ಬಾವಿಯ ನೀರಿನ ಮೇಲೆ. ಬಿಳಿ ಪಿಂಗಾಣಿ ಬಟ್ಟಲಲ್ಲಿ ಆ ನೀರನ್ನು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಕೆಂಚು ಗಸಿ ಕಂಡರೆ ಕಬ್ಬಿಣ ಇದೆ ಎಂದೇ ಅರ್ಥ. ಜಂಬಿಟ್ಟಿಗೆ ನೆಲದ ಊರುಗಳಲ್ಲಿ ಇದು ಅಪರೂಪವಲ್ಲ. ಅಂಥ ಸೀರೆಗೆ ತೆರೆದ ಬಾವಿಯ ನೀರು ಅಥವಾ ಹಿಡಿದಿಟ್ಟ ಮಳೆನೀರೇ ಸರಿ.

ನಿಂಬೆಹಣ್ಣು ತಿಕ್ಕಿದರೆ ಚುಕ್ಕೆ ತಿಳಿಯಾಗುತ್ತದೆ, ಜೊತೆಗೆ ಸುತ್ತಲಿನ ಕಂದು ಬಣ್ಣವೂ ತಿಳಿಯಾಗಿ ಕಪ್ಪಿನ ಜಾಗದಲ್ಲಿ ಬಿಳಿಚಿದ ಮಚ್ಚೆ ನಿಲ್ಲುತ್ತದೆ. ಅದಕ್ಕಿಂತ ಇಡೀ ಸೀರೆಯನ್ನೇ ಕಬ್ಬಿಣದ ನೀರಿಗೆ ಅದ್ದಿ ಒಂದೇ ಸಮನಾದ ಬೂದುಗಪ್ಪು ಮಾಡಿಕೊಳ್ಳುವುದು ಲೇಸು. ಸೀರೆಯ ತೂಕದ ನೂರಕ್ಕೆ ಎರಡು ಪಾಲು ಅನ್ನಭೇದಿ ಸಾಕು. 500 ಗ್ರಾಂ ಸೀರೆಗೆ 10 ಗ್ರಾಂ. ಅದನ್ನು 15 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಸೀರೆಯನ್ನು ಮೊದಲು ಸಾದಾ ನೀರಲ್ಲಿ ನೆನೆಸಿ, ಆಮೇಲೆ ಇದರಲ್ಲಿ ಹತ್ತು ನಿಮಿಷ ಕೈಬಿಡದೆ ತಿರುವುತ್ತಿರಿ. ಒಣ ಸೀರೆ ಹಾಕಿದರೆ ಪಟ್ಟೆ ಪಟ್ಟೆಯಾಗುತ್ತದೆ. ಅನ್ನಭೇದಿ ಹೆಚ್ಚಾದರೆ ನೂಲೇ ಸವೆದು ವರ್ಷದೊಳಗೆ ಹರಿಯುತ್ತದೆ. ಧೈರ್ಯ ಸಾಲದಿದ್ದರೆ ಬಣ್ಣ ಹಾಕುವವರನ್ನೇ ಕೇಳಿ. ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರಿ ಸಂಘದವರು ಇಂಥ ಬಣ್ಣಗಳಲ್ಲೇ ಕೆಲಸ ಮಾಡುವವರು.

ಒಗೆಯಲು ಸೋಪಿನ ಬಾರು, ವಾಷಿಂಗ್ ಸೋಡಾ ಎರಡೂ ಬೇಡ, ಕ್ಷಾರ ತಾಗಿದರೆ ಸಸ್ಯದ ಬಣ್ಣ ತಿರುಗುತ್ತದೆ. ಎಂಟು ಹತ್ತು ಅಂಟುವಾಳದ ಕಾಯಿಯ ಬೀಜ ತೆಗೆದು, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಕಿವುಚಿ ಸೋಸಿದರೆ ಒಂದು ಸೀರೆಗೆ ಬೇಕಾದಷ್ಟು ನೊರೆ ಸಿಗುತ್ತದೆ. ಒಳಮಗ್ಗುಲು ಹೊರಗಾಗಿಸಿ ನೆರಳಲ್ಲಿ ಒಣಗಿಸಿ.

ಗಂಜಿ ಹಾಕುವುದಾದರೆ ಕುಚ್ಚಲಕ್ಕಿಯದು ಬೇಡ, ಬಿಳಿಯ ಮೇಲೆ ಕೆಂಪು ಛಾಯೆ ಬಿಡುತ್ತದೆ. ಬೆಳ್ತಿಗೆ ಅಕ್ಕಿಯ ದಪ್ಪ ಗಂಜಿ ಅರ್ಧ ಲೀಟರ್ ತೆಗೆದುಕೊಂಡು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ನಾಲ್ಕು ಲೀಟರ್ ನೀರಿಗೆ ಬೆರೆಸಿ. ಒಣಗಿದ ಮೇಲೆ ಬಿಳಿ ಹೊಟ್ಟು ಏಳುವುದು ಸರಿಯಾಗಿ ಸೋಸದೇ ಇದ್ದುದರಿಂದ. ಇಸ್ತ್ರಿಯನ್ನು ಸೀರೆ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮಾಡಿ. ಮುಖ್ಯವಾದ ಮಾತು ಇನ್ನೊಂದಿದೆ. ಮೃಗಶಿರಾ ಮಳೆ ಹಿಡಿಯುವ ಮೊದಲು ಗಂಜಿಯನ್ನು ಪೂರ್ತಿ ತೊಳೆದು ತೆಗೆಯಿರಿ. ಕಪಾಟಿನಲ್ಲಿ ಬೂಷ್ಟಿಗೂ ಬೆಳ್ಳಿ ಬಣ್ಣದ ಆ ಸಣ್ಣ ಹುಳುವಿಗೂ ಗಂಜಿಯೇ ಊಟ. ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ನಡುವೆ ಒಣಗಿದ ಸುರಗಿ ಹೂವಿನ ಪುಟ್ಟ ಗಂಟು ಇಟ್ಟರೆ ಘಮ ತಿಂಗಳುಗಟ್ಟಲೆ ನಿಲ್ಲುತ್ತದೆ. ಅದು ಘಮಕ್ಕೆ ಮಾತ್ರ, ಬೂಷ್ಟು ತಡೆಯುವುದಿಲ್ಲ.

ಶಿವಮೊಗ್ಗದಲ್ಲಿ ಮೂರನೇ ಮಹಡಿಯ ಮನೆ. ಫ್ರಿಜ್ಜಿನ ನೀರು ಗಂಟಲಿಗೆ ಆಗುವುದಿಲ್ಲ ಅಂತ ನಲ್ಲಿ ಇರುವ ಚಂದದ ಮಡಕೆ ತಂದೆವು. ಮೊದಲ ವಾರ ತಣ್ಣಗಿತ್ತು, ಈಗ ಸ್ಟೀಲ್ ಪಾತ್ರೆಯ ನೀರಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. — ವಿನೋಬನಗರ, ಶಿವಮೊಗ್ಗ

ಮಡಕೆ ಬೆವರಿದರೆ ಮಾತ್ರ ನೀರು ತಣಿಯುತ್ತದೆ. ಒಂದು ಗ್ರಾಂ ನೀರು ಆವಿಯಾಗಿ ಹೋಗಲು 580 ಕ್ಯಾಲರಿಯಷ್ಟು ಶಾಖ ಬೇಕು. ಹತ್ತು ಲೀಟರ್ ಮಡಕೆಯಿಂದ 100 ಮಿ.ಲೀ. ಹಾಗೆ ಹಾರಿದರೆ, ಹೊರಗಿನ ಬಿಸಿ ಒಳಬರದಿದ್ದಲ್ಲಿ, ಉಳಿದ ನೀರು ಐದಾರು ಡಿಗ್ರಿ ಇಳಿಯುತ್ತದೆ. ಹಾಗಾಗಿ ಮೊದಲು ಮಡಕೆಯ ಹೊಟ್ಟೆ ಮುಟ್ಟಿ ನೋಡಿ. ಒಣಗಿದ್ದರೆ ರಂಧ್ರ ಕಟ್ಟಿದೆ. ಬಿಳಿ ಪುಡಿ ಕಾಣುತ್ತಿದ್ದರೆ ಗಡಸು ನೀರಿನ ಸುಣ್ಣ ಕೂತಿದೆ. ಖಾಲಿ ಮಾಡಿ, ಹುಣಸೆ ನೀರು ಹಚ್ಚಿ ಅರ್ಧ ಗಂಟೆ ಬಿಟ್ಟು, ತೆಂಗಿನ ನಾರಿನಿಂದ ಹೊರಮೈ ತಿಕ್ಕಿ, ಒಂದು ದಿನ ಬಿಸಿಲಿಗೆ ಒಣಗಿಸಿ. ಸೋಪು ಖಂಡಿತ ಬೇಡ, ಮಣ್ಣು ಅದನ್ನು ಕುಡಿದು ವಾರಗಟ್ಟಲೆ ನೀರಿಗೆ ವಾಪಸು ಕೊಡುತ್ತದೆ.

ಚಂದದ ಮಡಕೆ ಎಂದಿರಿ, ಅನುಮಾನ ಅಲ್ಲೇ ಇದೆ. ಹೊರಗೆ ಹೂಬಳ್ಳಿ ಬಿಡಿಸಿ ಮೇಲೆ ವಾರ್ನಿಷ್ ಬಳಿದ ಮಡಕೆ ನೋಡಲು ಒಪ್ಪ, ಆದರೆ ಬೆವರುವುದಿಲ್ಲ. ಕೊಳ್ಳುವಾಗ ಒದ್ದೆ ಬೆರಳು ಒತ್ತಿ ನೋಡಿ. ಗುರುತು ಕ್ಷಣದಲ್ಲಿ ಇಂಗಿದರೆ ಒಳ್ಳೆಯ ಮಡಕೆ, ಹನಿ ಮೇಲೇ ಹೊಳೆಯುತ್ತ ನಿಂತರೆ ಅದು ಹೂದಾನಿಗೆ ಲಾಯಕ್ಕು. ಹೊಸ ಮಡಕೆಯನ್ನು ಮೂರು ದಿನ ನೀರು ತುಂಬಿಸಿ, ದಿನಾ ಚೆಲ್ಲಿ, ಆಮೇಲೆ ಬಳಸಿ.

ಇಡುವ ಜಾಗವೂ ಮುಖ್ಯ. ಅಡುಗೆಮನೆಯ ಮೂಲೆಯಲ್ಲಿ ಗಾಳಿ ಆಡುವುದಿಲ್ಲ. ನೆರಳಿರುವ, ಗಾಳಿ ಬೀಸುವ ಕಿಟಕಿಯ ಹತ್ತಿರ, ಒದ್ದೆ ಮರಳಿನ ತಟ್ಟೆಯ ಮೇಲೆ ಇಡಿ. ಮಾರ್ಚ್ ತಿಂಗಳ ಒಣ ಹವೆಯಲ್ಲಿ ಶಿವಮೊಗ್ಗದಲ್ಲಿ ತಣಿದಷ್ಟು ಮೇ ತಿಂಗಳ ಮಳೆ ಬಿದ್ದ ಮೇಲೆ ತಣಿಯುವುದಿಲ್ಲ. ಹವೆಯೇ ಒದ್ದೆಯಾದಾಗ ಮಡಕೆ ಏನು ಮಾಡೀತು? ಆಗುಂಬೆಯ ಕಡೆಯವರು ಮಡಕೆಯಿಂದ ಹೆಚ್ಚು ಬಯಸದಿರುವುದು ಒಳ್ಳೆಯದು. ಲಾವಂಚ ಹಾಕುವುದಾದರೆ ಹತ್ತು ಲೀಟರಿಗೆ 10 ಗ್ರಾಂ ಬೇರು, ಮಣ್ಣು ಹೋಗುವಂತೆ ತೊಳೆದು ಬಟ್ಟೆಯಲ್ಲಿ ಕಟ್ಟಿ ಬಿಡಿ. ನೀರು ದಿನಾ ಬದಲಿಸಿ, ಬೇರನ್ನು ಮೂರು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ. ಲೋಳೆ ಕಂಡರೆ ಬಿಸಾಡಿ.

ತೀರ್ಥಹಳ್ಳಿ ಹತ್ತಿರ ಅಜ್ಜನ ಕಾಲದ ಮನೆ, ಕೆಂಪು ನೆಲ ಕನ್ನಡಿಯ ಹಾಗಿದೆ. ಪಕ್ಕದಲ್ಲಿ 10×12 ಅಡಿಯ ಹೊಸ ಕೋಣೆ ಕಟ್ಟಿಸಿದ್ದೇವೆ, ಅಲ್ಲೂ ರೆಡ್ ಆಕ್ಸೈಡ್ ಬೇಕು. ಮೇಸ್ತ್ರಿ "ಈಗ ಅದು ನಿಲ್ಲುವುದಿಲ್ಲ, ಬಿರುಕು ಬಿಡುತ್ತದೆ, ಟೈಲ್ಸ್ ಹಾಕಿಸಿ" ಎನ್ನುತ್ತಾರೆ. — ತೀರ್ಥಹಳ್ಳಿ ತಾಲೂಕಿನ ಓದುಗರು

ನೆಲ ನಿಲ್ಲುತ್ತದೆ. ನಿಲ್ಲದೇ ಇರುವುದು ತಾಳ್ಮೆ. ಟೈಲ್ಸ್ ಎರಡು ದಿನದ ಕೆಲಸ, ಕೆಂಪು ನೆಲ ಒಂದು ತಿಂಗಳಿನ ಕೆಲಸ. ಕೋಣೆಯಲ್ಲಿ ಬೇರೆ ಎಲ್ಲ ಕೆಲಸ ಮುಗಿದಿರಬೇಕು. ಬಡಗಿ, ಬಣ್ಣದವರು, ವೈರಿಂಗಿನವರು ಎಲ್ಲ ಹೊರಟ ಮೇಲೆ ನೆಲ.

ಕೆಳಗಿನಿಂದ ಹೇಳುತ್ತೇವೆ. ಮಣ್ಣು ದಮ್ಮಸು ಮಾಡಿದ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿ, ಅದರ ಮೇಲೆ ಕಾಂಕ್ರೀಟ್. ಹಾಳೆಯ ಅಂಚುಗಳು ಒಂದರ ಮೇಲೊಂದು ಅರ್ಧ ಅಡಿ ಕೂರಬೇಕು. ಮಲೆನಾಡಿನಲ್ಲಿ ಇದನ್ನು ಬಿಟ್ಟರೆ ಮಳೆಗಾಲದಲ್ಲಿ ನೆಲದಡಿಯ ತೇವ ಉಪ್ಪನ್ನು ಹೊತ್ತುಕೊಂಡು ಮೇಲೆ ಬರುತ್ತದೆ, ಕೆಂಪಿನ ಮೇಲೆ ಬಿಳಿ ಬೂದಿ ಹಾರಿಸಿದ ಹಾಗೆ ಕಾಣುತ್ತದೆ. ಎಷ್ಟು ಒರೆಸಿದರೂ ಮತ್ತೆ ಬರುತ್ತದೆ.

ಕಾಂಕ್ರೀಟಿನ ಮೇಲೆ 1:4 ಸಿಮೆಂಟ್–ಮರಳಿನ ಗಾರೆ, 20ರಿಂದ 25 ಮಿ.ಮೀ. ದಪ್ಪ. ಹಾಕುವ ಮೊದಲೇ ಗಾಜಿನ ಪಟ್ಟಿ ನಿಲ್ಲಿಸಿ ನೆಲವನ್ನು ಸುಮಾರು 4×4 ಅಡಿಯ ಚೌಕಗಳಾಗಿ ಒಡೆಯಿರಿ. ಸಿಮೆಂಟ್ ಒಣಗುವಾಗ ಕುಗ್ಗಿಯೇ ಕುಗ್ಗುತ್ತದೆ. ಚೌಕವಿದ್ದರೆ ಗೆರೆಯಲ್ಲಿ ಕುಗ್ಗುತ್ತದೆ, ಇಲ್ಲದಿದ್ದರೆ ತನಗೆ ಬೇಕಾದಲ್ಲಿ ಬಿರಿಯುತ್ತದೆ. ಮೇಸ್ತ್ರಿ ಕಂಡ ಬಿರುಕುಗಳಲ್ಲಿ ಹೆಚ್ಚಿನವು ಇವೇ ಇರಬೇಕು.

ಬಣ್ಣದ ಪದರ 3 ಮಿ.ಮೀ. ಸಾಕು. ನಿಮ್ಮ ಕೋಣೆಗೆ ಒಂದು ಮೂಟೆ, ಅಂದರೆ 50 ಕೆ.ಜಿ. ಸಿಮೆಂಟಿಗೆ 5 ಕೆ.ಜಿ. ಆಕ್ಸೈಡ್. ಇದಕ್ಕಿಂತ ಹೆಚ್ಚು ಹಾಕಿದರೆ ಕೆಂಪು ಹೆಚ್ಚುವುದಿಲ್ಲ, ನೆಲ ಮೆತ್ತಗಾಗಿ ಅಂಗಾಲಿಗೆ ಬಣ್ಣ ಹತ್ತುತ್ತದೆ. ಇಡೀ ಕೋಣೆಗೆ ಬೇಕಾದ ಪುಡಿಯನ್ನು ಒಂದೇ ಸಲ ಒಣದಾಗಿಯೇ ಬೆರೆಸಿ, ಮೂರು ಸಲ ಜರಡಿ ಹಿಡಿದು ಮುಚ್ಚಿಡಿ. ಬಾಣಲೆಗೊಮ್ಮೆ ಅಂದಾಜಿಗೆ ಬೆರೆಸಿದರೆ ಒಂದು ಚೌಕ ಇಟ್ಟಿಗೆ ಬಣ್ಣ, ಪಕ್ಕದ್ದು ಬೀಟ್‌ರೂಟ್ ಬಣ್ಣ. ಕೆಳಗಿನ ಗಾರೆ ಇನ್ನೂ ಹಸಿ ಇರುವಾಗ, ಬೆರಳು ಒತ್ತಿದರೆ ಗುರುತು ಬೀಳಬೇಕು, ನೀರು ಏಳಬಾರದು, ಆಗ ಬಣ್ಣದ ಪದರ ಎಳೆಯಬೇಕು. ಮಾರನೇ ದಿನ ಎಳೆದರೆ ಎರಡೂ ಬೆಸೆಯದೆ ಚಿಪ್ಪಿನಂತೆ ಎದ್ದು ಬರುತ್ತದೆ, ತಟ್ಟಿದರೆ ಟೊಳ್ಳು ಸದ್ದು. ಕರಣೆಯಲ್ಲಿ ಉಜ್ಜುವಾಗ ನೀರು ಮೇಲೆ ಬಂತೆಂದು ಒಣ ಸಿಮೆಂಟ್ ಉದುರಿಸುವ ಚಾಳಿ ಕೆಲವರಿಗಿದೆ, ಅದಕ್ಕೆ ಮಾತ್ರ ಅವಕಾಶ ಕೊಡಬೇಡಿ. ಉದುರಿಸಿದ ಜಾಗ ಮುಂದೆ ಪುಡಿಯಾಗಿ ಏಳುತ್ತದೆ. ಫ್ಯಾನ್ ಹಾಕಬಾರದು, ಕಿಟಕಿಗೆ ಗೋಣಿ ಕಟ್ಟಿ. ಬಿಸಿಗಾಳಿ ಬಡಿದರೆ ಕೂದಲೆಳೆಯಂಥ ಬಿರುಕು ಬಿಡುವುದು ಮೊದಲ ದಿನವೇ.

ಮಾರನೇ ದಿನದಿಂದ ಏಳು ದಿನ ನೀರು ನಿಲ್ಲಿಸಿ. ಅಂಚಿಗೆ ಮಣ್ಣಿನ ಕಟ್ಟೆ ಬೇಡ, ಮಣ್ಣಿನ ಕಲೆ ಕೂರುತ್ತದೆ, ಸಿಮೆಂಟಿನದ್ದೇ ಮಾಡಿ. ಆಮೇಲೆ ಎರಡು ವಾರ ಒಣಗಲು ಬಿಡಿ. ಅಷ್ಟಾದ ಮೇಲೆ ನುಣುಪು ಹೊಳೆಕಲ್ಲಿನಿಂದ ಉಜ್ಜಿ, ಒರೆಸಿ, ಬಟ್ಟೆಗೆ ಕೆಲವೇ ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ. ಎಣ್ಣೆ ಸುರಿದರೆ ಧೂಳು ಅಂಟಿ ಕರ್ರಗಾಗುತ್ತದೆ. ಅಜ್ಜನ ನೆಲದ ಹೊಳಪು ಮೊದಲ ವರ್ಷ ಬರುವುದಿಲ್ಲ. ಅದು ದಿನಾ ಒರೆಸಿ, ಬರಿಗಾಲಲ್ಲಿ ಓಡಾಡಿ ಬಂದ ಹೊಳಪು. ಆಸಿಡ್, ನಿಂಬೆರಸ, ಟಾಯ್ಲೆಟ್ ತೊಳೆಯುವ ದ್ರವ ಯಾವುದನ್ನೂ ಹತ್ತಿರ ತರಬೇಡಿ. ಬಚ್ಚಲಿಗೆ ಈ ನೆಲ ಬೇಡ, ಜಾರುತ್ತದೆ. ಇನ್ನು ಏಪ್ರಿಲ್ ಕೊನೆಯೊಳಗೆ ಶುರು ಮಾಡಲಾಗದಿದ್ದರೆ ದೀಪಾವಳಿ ಕಳೆಯಲಿ. ಜೂನ್ ತಿಂಗಳಲ್ಲಿ ಹಾಕಿದ ನೆಲಕ್ಕೆ ಒಣಗಲು ಬಿಡುವೇ ಸಿಗದು.

ಮುರುಗಲ (ಪುನರ್ಪುಳಿ, ಕೋಕಂ) ಹಣ್ಣಿನ ಷರಬತ್ತು ಬಾಟಲಿಗೆ ತುಂಬಿಟ್ಟಿದ್ದೆ. ಹದಿನೈದು ದಿನಕ್ಕೆ ಮುಚ್ಚಳ ಟಪ್ಪನೆ ಹಾರಿತು, ಒಳಗೆಲ್ಲ ನೊರೆ. — ಸಾಗರ

ಹುಳಿ ಬಂದಿದೆ, ಅಂದರೆ ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಟ್ಟಿದೆ. ಸಕ್ಕರೆ ಕಡಿಮೆಯಾಗಿರಬೇಕು ಅಥವಾ ಎಲ್ಲೋ ನೀರು ಸೇರಿರಬೇಕು. ಬಿಳಿ, ಹಸಿರು ಬೂಷ್ಟು ಕಂಡರೆ ಗಿಡದ ಬುಡಕ್ಕೆ ಚೆಲ್ಲಿ. ಬರೀ ನೊರೆಯಾದರೆ ಸ್ಟೀಲ್ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ರುಚಿ ಮೊದಲಿನಂತಿರುವುದಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಕಡುಗೆಂಪು ಹಣ್ಣು, ಮಳೆಗೆ ನೆನೆಯದ್ದು. ತೊಳೆದು, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಎರಡು ಗಂಟೆ ಹರಡಿ. ಅರ್ಧ ಮಾಡಿ ಬೀಜ ಮತ್ತು ಬಿಳಿ ತಿರುಳು ತೆಗೆಯಿರಿ. ಒಂದು ಕೆ.ಜಿ. ಸಿಪ್ಪೆಗೆ ಎರಡು ಕೆ.ಜಿ. ಸಕ್ಕರೆ. ಸಕ್ಕರೆ ಜಾಸ್ತಿ ಎಂದು ಕೈ ಹಿಂದೆಗೆದವರ ಬಾಟಲಿಯೇ ಹಾರುವುದು, ಇಲ್ಲಿ ಸಕ್ಕರೆ ಸಿಹಿಗಲ್ಲ, ಕಾವಲಿಗೆ. ಗಾಜಿನ ಜಾಡಿ ಅಥವಾ ಪಿಂಗಾಣಿ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ, ಮೇಲಿನದು ಸಕ್ಕರೆಯೇ ಇರಲಿ. ಮುಕ್ಕಾಲು ಭಾಗ ಮಾತ್ರ ತುಂಬಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಿಗಿಡಿ, ಸಂಜೆ ಒಳಗೆ ತನ್ನಿ. ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ತಿರುವಿ. ಸಕ್ಕರೆ ಪೂರ್ತಿ ಕರಗಿ ಸಿಪ್ಪೆ ಚಿರುಟಿದ ಮೇಲೆ ಸೋಸಿ, ಒಂದು ಚಮಚ ಉಪ್ಪು, ಎರಡು ಚಮಚ ಹುರಿದ ಜೀರಿಗೆ ಪುಡಿ ಸೇರಿಸಿ. ಒಂದು ಲೋಟ ಷರಬತ್ತಿಗೆ ನಾಲ್ಕೈದು ಲೋಟ ನೀರು. ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಮುಟ್ಟಿಸಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ.

ಬೀಜ ಎಸೆಯಬೇಡಿ. ಒಣಗಿಸಿ ಇಟ್ಟರೆ ಮುರುಗಲ ತುಪ್ಪ ತೆಗೆಯಬಹುದು, ಮಳೆಗಾಲದ ಕೆಸರಿಗೆ ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯ ಮುಲಾಮು ನಮಗೆ ಗೊತ್ತಿಲ್ಲ. ಅಂದಹಾಗೆ ಪೇಟೆಯವರು ಕೆಲವರು ಉಪ್ಪಾಗೆಯನ್ನೂ ಮುರುಗಲನ್ನೂ ಒಂದೇ ಎನ್ನುತ್ತಾರೆ. ಒಂದೇ ಕುಲದ ಮರಗಳು ನಿಜ, ಆದರೆ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ, ಅದರ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು, ಅದರಲ್ಲಿ ಈ ಕೆಂಪು ಷರಬತ್ತು ಆಗುವುದಿಲ್ಲ.

ಹಲಸಿನ ಹಪ್ಪಳ ಕರಿದರೆ ಕೆಂಪಾಗಿ ಕಹಿಯಾಗುತ್ತದೆ, ಒತ್ತುವಾಗ ಅಂಚು ಒಡೆಯುತ್ತದೆ. — ರಿಪ್ಪನ್‌ಪೇಟೆ

ಕಾಯಿ ಹಣ್ಣಿನ ಕಡೆ ವಾಲಿತ್ತು. ಸಿಹಿ ಹತ್ತಿದ ತೊಳೆಯ ಸಕ್ಕರೆ ಎಣ್ಣೆಯಲ್ಲಿ ಸುಡುತ್ತದೆ. ಬಲಿತಿರಬೇಕು, ತೊಳೆ ಮಾತ್ರ ಇನ್ನೂ ಬೆಳ್ಳಗೆ, ಗಟ್ಟಿಯಾಗಿರಬೇಕು. ಹಬೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಿ, ನೀರು ತಾಗಬಾರದು. ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ, ಕೊತ್ತಂಬರಿ ಸೇರಿಸಿ ಒರಳಲ್ಲಿ ಗುದ್ದಿ. ಕೆ.ಜಿ. ತೊಳೆಗೆ 20 ಗ್ರಾಂ ಉಪ್ಪು ಸಾಕು. ಆರಿದ ಮೇಲೆ ಗುದ್ದಿದ ಹಿಟ್ಟು ಕೂಡಿಕೊಳ್ಳುವುದಿಲ್ಲ, ಅಂಚು ಒಡೆಯುವುದು ಅದಕ್ಕೇ.

ಹೊಸ ಫ್ಲ್ಯಾಟಿನ ಗೋಡೆಗೆ ಹಸೆ ಚಿತ್ತಾರ ಬೇಕು. ಆನ್‌ಲೈನಿನಲ್ಲಿ ಸ್ಟಿಕ್ಕರ್ ಸಿಗುತ್ತದೆ. ಸ್ವತಃ ಬರೆಯುವುದು ಕಷ್ಟವಾ? ಅಕ್ಕಿ ಹಿಟ್ಟಿನಲ್ಲೇ ಬರೆಯಬೇಕಾ? — ಗೋಪಾಳ, ಶಿವಮೊಗ್ಗ

ಸ್ಟಿಕ್ಕರ್ ಬೇಡ. ಅಂಚು ಮೊದಲ ಮಳೆಗಾಲಕ್ಕೇ ಎದ್ದು ಒಳಗೆ ಬೂಷ್ಟು ಸೇರುತ್ತದೆ ಎಂಬುದು ಒಂದು ಕಾರಣ. ನೋಡುವವರಿಗೆ ಅದು ಸ್ಟಿಕ್ಕರ್ ಎಂದು ಹತ್ತಡಿ ದೂರದಿಂದಲೇ ಗೊತ್ತಾಗುತ್ತದೆ ಎಂಬುದು ಇನ್ನೊಂದು.

ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಗೆ ಬರೆದುಕೊಂಡು ಬಂದ ಚಿತ್ತಾರವಿದು. ಕೆಮ್ಮಣ್ಣು ಬಳಿದ ಗೋಡೆ, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಬಣ್ಣ ನಾಲ್ಕೇ. ಇದರ ಚಂದ ಇರುವುದು ಎಳೆಯಲ್ಲಿ. ಒಂದೇ ದಪ್ಪದ, ಒಂದೇ ಅಂತರದ ನೇರ ಗೆರೆಗಳು. ಹಾಗಾಗಿ ಚಿತ್ರ ಬರೆಯಲು ಬರುವವರಿಗಿಂತ ರಂಗೋಲಿಯ ಕೈ ಪಳಗಿದವರಿಗೆ ಇದು ಬೇಗ ಒಲಿಯುತ್ತದೆ.

ಫ್ಲ್ಯಾಟಿನ ಗೋಡೆಗೆ ಅಕ್ಕಿಯ ಬಣ್ಣ ಬೇಡ ಎನ್ನುತ್ತೇವೆ. ಹಳ್ಳಿಯ ಮನೆಯಲ್ಲಿ ಅದನ್ನು ಮತ್ತೆ ಮತ್ತೆ ಬಳಿದು ಬರೆಯುವ ರೂಢಿ ಇತ್ತು, ಒಂದು ಸಲ ಬರೆದು ಹತ್ತು ವರ್ಷ ಇಡುವ ಬಣ್ಣವಲ್ಲ ಅದು. ಪಿಷ್ಟಕ್ಕೆ ಹುಳು, ಬೂಷ್ಟು ಎರಡೂ ಬರುತ್ತವೆ. ಹೊಳಪಿಲ್ಲದ ಅಕ್ರಿಲಿಕ್ ಬಣ್ಣ ತೆಗೆದುಕೊಳ್ಳಿ. ಗೋಡೆಗೆ ಕೆಮ್ಮಣ್ಣಿನ ಬಣ್ಣ ಎರಡು ಕೋಟ್, ನಡುವೆ ನಾಲ್ಕು ಗಂಟೆ ಬಿಡುವು. ಹೊಸ ಗಿಲಾವಾದರೆ ಒಂದು ತಿಂಗಳು ಒಣಗಿರಬೇಕು. ಪಡುವಣ ಮತ್ತು ತೆಂಕಣ ದಿಕ್ಕಿನ ಹೊರಗೋಡೆಗೆ ಮಳೆ ನೇರ ಬಡಿಯುವುದರಿಂದ ಅವು ಒಳಗೂ ತೇವ ಹಿಡಿಯುತ್ತವೆ. ಚಿತ್ತಾರಕ್ಕೆ ಮೂಡಣದ ಗೋಡೆಯೋ ಎರಡು ಕೋಣೆಗಳ ನಡುವಿನ ಗೋಡೆಯೋ ಒಳ್ಳೆಯದು.

ಮೊದಲು ಹಳೆ ಪತ್ರಿಕೆಯ ಮೇಲೆ ಗೆರೆ ಎಳೆದು ಕೈ ಕೂರಿಸಿ. ಗೋಡೆಯ ಮೇಲೆ ಸುಣ್ಣದ ಕಡ್ಡಿ ತಿಕ್ಕಿದ ನೂಲನ್ನು ಇಬ್ಬರು ಬಿಗಿಯಾಗಿ ಹಿಡಿದು ಮೀಟಿದರೆ ನೇರ ಗುರುತು ಬೀಳುತ್ತದೆ. ಹೊರಗಿನ ಚೌಕಟ್ಟು ಮೊದಲು, ಒಳಗಿನ ತುಂಬಣ ಆಮೇಲೆ, ಮೇಲಿನಿಂದ ಕೆಳಗೆ. ಬಣ್ಣ ಮಜ್ಜಿಗೆಯ ಹದಕ್ಕಿರಲಿ. ನೀರಾದರೆ ಇಳಿಯುತ್ತದೆ, ದಪ್ಪವಾದರೆ ಗೆರೆ ನಡುವೆ ತುಂಡಾಗುತ್ತದೆ. ಇಡೀ ಗೋಡೆ ತುಂಬಿಸಬೇಡಿ, ಮೂರಡಿ ಚೌಕ ಸಾಕು, ಸುತ್ತ ಖಾಲಿ ಬಿಟ್ಟರೇ ಕಳೆ. ಅಕ್ಕಿಯ ಬಣ್ಣದಲ್ಲೇ ಬರೆದದ್ದು ಬೇಕೆಂದಿದ್ದರೆ ಸಾಗರದ ಹತ್ತಿರದ ಸಿರಿವಂತೆಯ ಕಡೆಯ ಕಲಾವಿದೆಯರು ಹಲಗೆ, ಬಟ್ಟೆಯ ಮೇಲೆ ಬರೆದುಕೊಡುತ್ತಾರೆ. ಕೊಂಡು ಗಾಜಿನ ಚೌಕಟ್ಟು ಹಾಕಿಸಿ. ಗಾಜು ಚಿತ್ರಕ್ಕೆ ಅಂಟಬಾರದು, ನಡುವೆ ಅಂಚುಪಟ್ಟಿ ಇಟ್ಟು ಸಂದು ಬಿಡಿಸಿ.

ಮೇ ತಿಂಗಳಲ್ಲಿ ಬೆಂಗಳೂರಿಂದ ನೆಂಟರು ಬರುತ್ತಾರೆ. ಜೋಗ, ಗುಡವಿ, ಮಂಡಗದ್ದೆ ತೋರಿಸಬೇಕು. — ಭದ್ರಾವತಿ

ಮೂರೂ ಮೇ ತಿಂಗಳಿನವಲ್ಲ. ಜೋಗದ ಬಂಡೆ 253 ಮೀಟರ್ ಎತ್ತರ, ಅದು ಯಾವ ಕಾಲಕ್ಕೂ ನೋಡುವಂಥದ್ದೇ, ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಬೇಸಿಗೆಯ ನೀರು ಎಳೆಯಷ್ಟೇ. ಜುಲೈ ಕೊನೆಯಿಂದ ಸೆಪ್ಟೆಂಬರ್ ಒಳಗೆ ಕರೆಸಿ. ಗುಡವಿ, ಮಂಡಗದ್ದೆಗೆ ಹಕ್ಕಿಗಳು ಗೂಡು ಕಟ್ಟಲು ಬರುವುದೂ ಮಳೆಗಾಲಕ್ಕೇ. ಮೇ ತಿಂಗಳಿಗೆ ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ, ಬಿಸಿಲು ಏರಿದ ಮೇಲೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ತಂಪು, ಅಲ್ಲಿಂದ ಕೆಳದಿಯಲ್ಲಿ ದೇವಸ್ಥಾನದ ಚಾವಣಿಯ ಗಂಡಭೇರುಂಡ. ಸೀರೆಯ ಅಂಚು, ಮರದ ಕೆತ್ತನೆಯ ಹುಚ್ಚಿರುವ ನೆಂಟರಾದರೆ ಈ ದೇವಸ್ಥಾನಗಳ ಕಂಬಗಳ ಮುಂದೆಯೇ ಅರ್ಧ ದಿನ ಕಳೆಯುತ್ತಾರೆ.

ಬೇಸಿಗೆಗೆಂದು ಒಳ್ಳೆಯ ತೊಗಲಿನ ಚಪ್ಪಲಿ ಕೊಂಡೆ. ಹೋದ ವರ್ಷದ್ದು ಆಗಸ್ಟಿನಲ್ಲಿ ಪೆಟ್ಟಿಗೆ ತೆಗೆದರೆ ಹಸಿರಾಗಿತ್ತು. ಬಲ್ಬ್ ಇಟ್ಟರೆ ಆಗುತ್ತದೆ ಎನ್ನುತ್ತಾರೆ. — ಕೊಪ್ಪ

ಆ ಉಪಾಯ ಹಳೆಯ ತಂತಿ ಬಲ್ಬಿನ ಕಾಲದ್ದು. ಅದರ ಬಿಸಿಗೆ ಕಪಾಟು ಒಣಗುತ್ತಿತ್ತು. ಈಗಿನ ಎಲ್‌ಇಡಿಯಲ್ಲಿ ಅಷ್ಟು ಬಿಸಿ ಇಲ್ಲ, ಬೂಷ್ಟಿಗೆ ದೀಪ ಹಚ್ಚಿ ಕೊಟ್ಟ ಹಾಗೆ. ಹಳೆ ಬಲ್ಬನ್ನು ಬಟ್ಟೆಯ ನಡುವೆ ಇಡುವುದೂ ಬೆಂಕಿಯ ಜೊತೆ ಆಟ.

ಮೇ ಕೊನೆಯಲ್ಲಿ ಚಪ್ಪಲಿಯ ಮಣ್ಣು, ಬೆವರಿನ ಉಪ್ಪು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಎರಡು ದಿನ ನೆರಳಲ್ಲಿ ಒಣಗಿಸಿ. ನೇರ ಬಿಸಿಲಿಗೆ ತೊಗಲು ಸೆಟೆದು ಬಿರಿಯುತ್ತದೆ. ಆಮೇಲೆ ಮೇಣದ ಪಾಲಿಶ್ ತೆಳುವಾಗಿ ಹಚ್ಚಿ, ಪತ್ರಿಕೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕದೆ ಗಾಳಿಯಾಡುವ ಅಟ್ಟದ ಮೇಲಿಡಿ. ಹೊಗೆ ಬರುವ ಒಲೆಯಿರುವ ಮನೆಯಾದರೆ ಒಲೆಯಿಂದ ದೂರದ ಅಟ್ಟವೇ ಸಾಕು. ಹದಿನೈದು ದಿನಕ್ಕೊಮ್ಮೆ ಪತ್ರಿಕೆ ಬದಲಿಸಿ. ಈಗಾಗಲೇ ಹಸಿರಾದದ್ದನ್ನು ಮನೆಯೊಳಗೆ ಕೊಡವಬೇಡಿ, ಅಂಗಳಕ್ಕೆ ಒಯ್ದು ಒಣ ಬ್ರಷ್ಷಿನಿಂದ ಉಜ್ಜಿ, ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಬಟ್ಟೆಗೆ ಅದ್ದಿ ಹಿಂಡಿ ಒರೆಸಿ, ಒಣಗಿದ ಮೇಲೆ ಪಾಲಿಶ್. ಹೊಲಿಗೆಯ ದಾರವೇ ಕೊಳೆತಿದ್ದರೆ ಚಮ್ಮಾರರ ಹತ್ತಿರ ನೈಲಾನ್ ದಾರದಲ್ಲಿ ಮರುಹೊಲಿಗೆ ಹಾಕಿಸಿ, ಹತ್ತಿ ದಾರಕ್ಕೆ ಒಪ್ಪಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲಿಗೆ ರಬ್ಬರ್ ಚಪ್ಪಲಿಯೇ ಇರಲಿ.